ಹಸಿರು ನೀರಿನ ಜಮಾಖರ್ಚು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗಿಗೆ ಬರುವವರ ಕಣ್ಣೆಲ್ಲ ಹೆಜ್ಜಾರ್ಲೆಗಳ ಮೇಲೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಇದು. ಈಗ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಹಕ್ಕಿ ನೋಡಿದ್ದು ಸಾಕೆನಿಸಿದರೆ ದಂಡೆಗಿಳಿದು ಒಂದು ಗಾಜಿನ ಸೀಸೆಯಲ್ಲಿ ನೀರು ಮೊಗೆದು ಬಿಸಿಲಿಗೆ ಹಿಡಿಯಿರಿ.

ರವೆ ಕಾಳಿನಂಥ ಹಸಿರು ಚುಕ್ಕಿಗಳು ಕಂಡರೆ ಅವು ಬಹುಪಾಲು ಮೈಕ್ರೊಸಿಸ್ಟಿಸ್ ಎಂಬ ಪಾಚಿ. ಒಂದೊಂದು ಚುಕ್ಕಿಯೂ ಲೋಳೆಯಲ್ಲಿ ಅಂಟಿಕೊಂಡ ನೂರಾರು ಜೀವಕೋಶಗಳ ಗುಂಪು. ಸೀಸೆಯನ್ನು ಅಲುಗಿಸದೆ ಇಟ್ಟರೆ ನಿಧಾನವಾಗಿ ಮೇಲಕ್ಕೆ ಬಂದು ಕೆನೆಗಟ್ಟುತ್ತವೆ. ಕೋಶದೊಳಗಿನ ಗಾಳಿಗೂಡುಗಳು ಅವನ್ನು ತೇಲಿಸುತ್ತವೆ. ನಡುವೆ ತಟಕ್ಕನೆ ಜಿಗಿಯುವ ಬಿಳಿ ಚುಕ್ಕಿ ಸೈಕ್ಲಾಪ್ಸೋ ಡಾಫ್ನಿಯವೋ ಇರಬೇಕು, ಪಾಚಿ ಮೇಯುವ ಜಾತಿ.

ಹಗಲಿಡೀ ಪಾಚಿ ಬಿಸಿಲುಂಡು ಸಕ್ಕರೆ ತಯಾರಿಸುತ್ತದೆ, ಅದರಲ್ಲಿ ಒಂದಿಷ್ಟನ್ನು ನೀರಿಗೂ ಸೋರಬಿಡುತ್ತದೆ. ಆ ಸೋರಿಕೆಗೆ ಕಾದಿರುವುದು ಬ್ಯಾಕ್ಟೀರಿಯಾ, ಇಂಥ ನೀರಿನ ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷಕ್ಕೇನೂ ಕಡಿಮೆಯಿಲ್ಲ. ಅವನ್ನು ಏಕಕೋಶ ಜೀವಿಗಳು ತಿನ್ನುತ್ತವೆ, ಇವನ್ನು ಡಾಫ್ನಿಯ ತಿನ್ನುತ್ತದೆ. ಸಮುದ್ರದಲ್ಲಿ ಈ ಒಳಸುತ್ತು ಎಷ್ಟು ದೊಡ್ಡದೆಂದು 1983ರಲ್ಲಿ ವಿಜ್ಞಾನಿ ಫಾರೂಕ್ ಅಜಮ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕೆರೆಯಲ್ಲೂ ನಡೆಯುವುದು ಅದೇ.

ತಯಾರಾದದ್ದೆಷ್ಟು, ಕರಗಿದ್ದೆಷ್ಟು? ನಾರ್ವೆಯ ಗಾರ್ಡರ್ ಮತ್ತು ಗ್ರಾನ್ 1927ರಲ್ಲೇ ಪ್ರಕಟಿಸಿದ ಉಪಾಯ ಇಂದಿಗೂ ಬಳಕೆಯಲ್ಲಿದೆ. ಕೆರೆ ನೀರು ತುಂಬಿದ ಎರಡು ಸೀಸೆ. ಒಂದಕ್ಕೆ ಬೆಳಕು ತಾಗದಂತೆ ಕಪ್ಪು ಹೊದಿಕೆ. ಎರಡನ್ನೂ ಒಂದೇ ಆಳಕ್ಕೆ ಇಳಿಬಿಟ್ಟು, ಕೆಲವು ಗಂಟೆ ಬಿಟ್ಟು ಎತ್ತಿ, ಆಮ್ಲಜನಕ ಅಳೆಯುತ್ತಾರೆ. ಕಪ್ಪು ಸೀಸೆಯಲ್ಲಿ ಇಳಿದದ್ದು ಖರ್ಚು, ಬಿಳಿಯದರಲ್ಲಿ ಏರಿದ್ದು ಉಳಿತಾಯ, ಎರಡೂ ಕೂಡಿದರೆ ಜಮೆ. ಇಷ್ಟು ಸರಳವಾದದ್ದನ್ನು ನಮ್ಮ ಹೈಸ್ಕೂಲುಗಳಲ್ಲಿ ಏಕೆ ಮಾಡಿಸುವುದಿಲ್ಲವೋ!

ರಾತ್ರಿಯಿಡೀ ಕೆರೆಯೇ ಕಪ್ಪು ಸೀಸೆ. ಪಾಚಿಯೂ ಸೇರಿ ಎಲ್ಲವೂ ಉಸಿರಾಡುತ್ತವೆ, ಆಮ್ಲಜನಕ ಹುಟ್ಟುವುದಿಲ್ಲ. ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆಯುವುದು ಅದಕ್ಕೇ.

ಯಾವ ಕೆರೆಗೇ ಆಗಲಿ, ಚರಂಡಿ ನೀರು ಸೇರಿದರೆ ರಂಜಕ ಏರಿ ಮೈಕ್ರೊಸಿಸ್ಟಿಸ್ ಮಿತಿಮೀರುತ್ತದೆ. ಲೋಳೆಗುಂಪು ದೊಡ್ಡದಾದಷ್ಟೂ ಡಾಫ್ನಿಯದ ಬಾಯಿಗೆ ಹಿಡಿಸದು. ಡಾಫ್ನಿಯದ ಮೂಲಕ ಮೀನಿಗೆ ಮುಟ್ಟಬೇಕಾದದ್ದು ಗಾಳಿ ನೂಕಿದ ಕಡೆ ದಂಡೆಗೆ ಬಂದು ಕೊಳೆಯುತ್ತದೆ. ಬ್ಯಾಕ್ಟೀರಿಯಾಕ್ಕೆ ಹಬ್ಬ, ನೀರಿನ ಆಮ್ಲಜನಕಕ್ಕೆ ಕುತ್ತು. ಆ ಕೆನೆಯಲ್ಲಿ ಯಕೃತ್ತನ್ನು ಕೆಡಿಸುವ ಮೈಕ್ರೊಸಿಸ್ಟಿನ್ ವಿಷವೂ ಇರಬಹುದು. ವಾಕಿಂಗಿಗೆ ನಾಯಿ ಕರೆತರುವವರು ಅಲ್ಲಿ ನೀರು ನೆಕ್ಕಲು ಬಿಡಬೇಡಿ.