ಹೊಂಡದ ಮೀನು: ಕಾಟ್ಲಾವೋ, ರೋಹುವೋ?

ಕಳೆದ ರವಿವಾರ ನಮ್ಮ ವಾಚನಾಲಯಕ್ಕೆ ಬಂದ ವಿಜಯಪುರದ ಕಡೆಯ ಗೆಳೆಯರೊಬ್ಬರು ಮೊಬೈಲಿನಲ್ಲಿ ಒಂದು ಮೀನಿನ ಚಿತ್ರ ತೋರಿಸಿದರು. “ನೋಡ್ರಿ ಸಾಹೇಬ್ರ, ಕಾಟ್ಲಾ ಮರಿ ಅಂತ ರೊಕ್ಕಾ ಕೊಟ್ಟು ಬಿಟ್ಟೀವಿ. ತಲಿ ನೋಡಿದ್ರ ಕಾಟ್ಲಾ ಅಲ್ಲ, ರೋಹೂನೂ ಅಲ್ಲ. ವರ್ಷಾತು, ಅರ್ಧ ಕಿಲೋ ದಾಟವಲ್ದು” ಎಂದರು. ಹೊಂಡ ಊರಲ್ಲಿ ಅಣ್ಣ ತೋಡಿಸಿದ್ದು. ಮರಿ ಕೊಂಡದ್ದು ರಾಂಜಣಗಾಂವದ ಪಾಳಿ ದುಡಿಮೆಯ ಹಣದಿಂದ.

ಕಾಟ್ಲಾದ ಗುರುತು ದೊಡ್ಡ ತಲೆ ಮತ್ತು ಮೇಲಕ್ಕೆ ತಿರುಗಿದ ಬಾಯಿ. ಮೇಲ್ದುಟಿ ಇಲ್ಲ, ಕೆಳದುಟಿ ದಪ್ಪ, ಮೀಸೆ ಇಲ್ಲ. ನೀರಿನ ಮೇಲ್ಪದರದಲ್ಲಿ ಮೇಯುವ ಮೀನಿಗೆ ಅಂಥ ಬಾಯಿಯೇ ಬೇಕು. ರೋಹುವಿನ ತಲೆ ಸಣ್ಣದು. ತುಟಿಗೆ ಜಾಲರಿಯಂಥ ಅಂಚು, ಹುರುಪೆಗೆ ಕೆಂಪು ಛಾಯೆ. ಮೃಗಾಲ್ ನೀಳ ದೇಹದ್ದು, ತಳದ ಕೆಸರಿನಲ್ಲಿ ಮೇಯುವುದು. ತಲೆ ರೋಹುವಿಗಿಂತ ದೊಡ್ಡದು, ಕಾಟ್ಲಾಕ್ಕಿಂತ ಸಣ್ಣದು, ಮೈ ಅಗಲ ಎಂದರೆ ಎರಡರ ಮಿಶ್ರತಳಿಯೆಂಬ ಸಂಶಯಕ್ಕೆ ಕಾರಣವುಂಟು. ಗೆಳೆಯರ ಮೀನು ಹಾಗೆಯೇ ಇತ್ತು.

ಈ ಬೆರಕೆ ಹೇಗಾಯಿತು? ಇವು ಮಳೆಗಾಲದ ಹರಿಯುವ ನದಿಯಲ್ಲಿ ಮೊಟ್ಟೆಯಿಡುವ ಮೀನುಗಳು. ನಿಂತ ನೀರಿನ ಹೊಂಡದಲ್ಲಿ ಇಡವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿಯವರು ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸಿ ತೋರಿಸಿದರು. ಅದರಿಂದ ಮರಿ ಸುಲಭವಾಯಿತು. ಆದರೆ ಮರಿಕೇಂದ್ರದಲ್ಲಿ ಎರಡು ಜಾತಿಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಮೊಟ್ಟೆ ಮತ್ತು ವೀರ್ಯ ನೀರಿನಲ್ಲಿಯೇ ಕಲೆತುಹೋಗುವುವು.

ಅಮೆರಿಕೆಯ ಹೊಂಡಗಳಲ್ಲಿ ಸನ್‌ಫಿಶ್ ಎಂಬ ಮೀನುಗಳೂ ಹೀಗೆ ಬೆರೆಯುತ್ತವೆ. ಅಲ್ಲಿ ಬ್ಲೂಗಿಲ್ ಮತ್ತು ಗ್ರೀನ್ ಸನ್‌ಫಿಶ್ ಕೂಡಿದ ಮರಿಗಳಲ್ಲಿ ಬಹುಪಾಲು ಗಂಡು, ಆದ್ದರಿಂದ ಸಂತಾನ ಬೆಳೆಯುವುದು ಕಡಿಮೆ. ನಮ್ಮ ಬೆರಕೆಯಲ್ಲಿ ಗಂಡೂ ಹೆಣ್ಣೂ ಸಂತಾನಯೋಗ್ಯ. ಅವು ಶುದ್ಧ ಕಾಟ್ಲಾದೊಡನೆ ಮತ್ತೆ ಕೂಡಿದರೆ ಮೊಮ್ಮಕ್ಕಳ ಮೋರೆ ಕಾಟ್ಲಾದ್ದೇ. ಆಗ ಡಿಎನ್‌ಎ ಪರೀಕ್ಷೆಗಲ್ಲದೆ ಕಣ್ಣಿಗೆ ಗುರುತು ಸಿಕ್ಕದು. ಮೋಸವಾಗುವುದು ಇಲ್ಲಿಯೇ.

ತೂಕ ಬರದಿದ್ದ ಅಪವಾದವನ್ನೆಲ್ಲ ಬೆರಕೆಯ ಮೇಲೆ ಹೊರಿಸುವುದು ಸರಿಯಲ್ಲವೆಂದು ನನಗನ್ನಿಸಿತು. ಎಷ್ಟು ಮರಿ ಬಿಟ್ಟಿರೆಂದು ಕೇಳಿದೆ. ಸಣ್ಣ ಹೊಂಡಕ್ಕೆ ಅತಿಯಾಗಿ ಬಿಟ್ಟಿದ್ದರು! ಗಿಜಿಗುಟ್ಟಿದ ನೀರಿನಲ್ಲಿ ಶುದ್ಧ ಕಾಟ್ಲಾವೂ ಸೊರಗುತ್ತದೆ.

ತಿನ್ನುವುದಕ್ಕೆ, ಮಾರುವುದಕ್ಕೆ ಈ ಮೀನಿನಿಂದ ತೊಂದರೆಯಿಲ್ಲ. ಮರಿ ಮಾಡಿಸಲು ಯಾರಿಗೂ ಕೊಡಕೂಡದು, ಹಳ್ಳಕ್ಕೂ ನದಿಗೂ ಬಿಡಕೂಡದು. “ಹಂಗಾರ ಅಣ್ಣಗ ಇವತ್ತ ಫೋನ್ ಮಾಡ್ತೀನಿ, ಅರ್ಧಾ ಮೀನ ಸಂತಿಗೆ ಕಳಸಲಿ” ಎಂದು ಗೆಳೆಯರು ಎದ್ದರು.