ಕಿಟಕಿ ಹಲಗೆ: ಇಟ್ಟರೆ ಸಾಲದು, ಬಿಗಿಯಬೇಕು



ಮನೆ ಚಿಕ್ಕದು, ಸಾಮಾನು ಜಾಸ್ತಿ. ಇದು ನಮ್ಮ ಹೆಚ್ಚಿನ ಸದಸ್ಯೆಯರ ಮನೆಗಳಲ್ಲಿ ಇರುವ ಕಷ್ಟ. ಹೊಸ ಕಪಾಟು ತರೋಣವೆಂದರೆ ಕೈಯಲ್ಲಿ ಹಣವಿಲ್ಲ. ಹಾಗಾಗಿ ಅನೇಕರು ಮನೆಯಲ್ಲಿ ಉಳಿದ ಒಂದು ಹಲಗೆಯನ್ನು ಕಿಟಕಿಯ ಕೆಳಗಿನ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಡಬ್ಬಿ, ಬಾಟಲಿ, ಸಂಘದ ಪುಸ್ತಕ ಎಲ್ಲವನ್ನೂ ಜೋಡಿಸುತ್ತಾರೆ. ಇದು ಒಳ್ಳೆಯ ಉಪಾಯವೇ. ಆದರೆ ಹಲಗೆಯನ್ನು ಸುಮ್ಮನೆ ಇಡುವುದು ಬೇರೆ, ಭದ್ರವಾಗಿ ಕೂರಿಸುವುದು ಬೇರೆ.

ಮನೆ ಭೇಟಿಯ ಸಮಯದಲ್ಲಿ ನಮಗೆ ತಿಳಿದುಬಂದ ಒಂದು ಘಟನೆಯನ್ನು ಹೇಳುತ್ತೇವೆ. ಒಬ್ಬ ಸದಸ್ಯೆ ತಾವೇ ಹಲಗೆ ಹೊಂದಿಸಿ ಕಿಟಕಿಯಲ್ಲಿ ಇಟ್ಟಿದ್ದರು. ಕಟ್ಟೆಯ ಅಗಲ 5 ಇಂಚು, ಹಲಗೆ 10 ಇಂಚು. ಒಳಬದಿಯಲ್ಲಿ ಅಕ್ಕಿ ಡಬ್ಬಿ, ಹೊರ ಅಂಚಿನಲ್ಲಿ ಗಾಜಿನ ಬಾಟಲಿಗಳು. ಗಾಳಿ ಬರಲಿ ಎಂದು ಕಿಟಕಿಯ ಕೆಳಗೇ ಮಗುವಿನ ತೊಟ್ಟಿಲು. ಎಷ್ಟೋ ದಿನ ಏನೂ ಆಗಲಿಲ್ಲ. ಒಂದು ತಿಂಗಳ ಕೊನೆಯಲ್ಲಿ ಅಕ್ಕಿ ಮುಗಿದು ಡಬ್ಬಿ ಖಾಲಿಯಾಗಿತ್ತು. ಅತ್ತೆ ಕಿಟಕಿಯ ಬಾಗಿಲು ಎಳೆಯಲು ಹಲಗೆಯ ಅಂಚಿಗೆ ಕೈ ಊರಿದರು. ಹಲಗೆ ಮಗುಚಿ ಎಲ್ಲವೂ ತೊಟ್ಟಿಲಿಗೆ ಬಿತ್ತು. ಸ್ವಲ್ಪ ಮೊದಲಷ್ಟೇ ಮಗುವನ್ನು ಎಣ್ಣೆ ಹಚ್ಚಲು ಎತ್ತಿಕೊಂಡಿದ್ದರು. ದೇವರು ಕಾಪಾಡಿದರು.

ನಾವು ಹೋದಾಗ ಆ ಸಹೋದರಿ ಅಳುತ್ತಿದ್ದರು. “ಎಲ್ಲರೂ ನಂಗೇ ಬಯ್ತಾರೆ ಸಿಸ್ಟರ್. ಇನ್ನು ಸುತ್ತಿಗೆ ಮುಟ್ಟೋದಿಲ್ಲ” ಅಂದರು. ತಪ್ಪು ಹೆಂಗಸು ಸುತ್ತಿಗೆ ಹಿಡಿದದ್ದರಲ್ಲಿ ಇಲ್ಲ, ಹಲಗೆಯ ಹಿಂಭಾಗವನ್ನು ಯಾವುದೂ ಹಿಡಿದಿರಲಿಲ್ಲ, ಅಷ್ಟೇ ಎಂದು ನಾವು ಹೇಳಿದೆವು. ಅದೇ ಹಲಗೆಯನ್ನು ಅವರ ಕೈಯಿಂದಲೇ ಮತ್ತೆ ಕೂರಿಸಿದೆವು.

ಹಲಗೆ ಏಕೆ ಮಗುಚುತ್ತದೆ?

ಸಂತೆಯ ತಕ್ಕಡಿಯನ್ನು ನೆನಪು ಮಾಡಿಕೊಳ್ಳಿ. ಕಟ್ಟೆಯ ಅಂಚೇ ತಕ್ಕಡಿಯ ನಡು. ಒಳಗಿನ ಭಾಗ ಒಂದು ತಟ್ಟೆ, ಹೊರಗೆ ಚಾಚಿದ ಭಾಗ ಇನ್ನೊಂದು ತಟ್ಟೆ. ಆ ಮನೆಯಲ್ಲಿ ಎರಡೂ ಕಡೆ 5 ಇಂಚು ಇತ್ತು. ಅಕ್ಕಿಯ ಭಾರದಿಂದ ಮಾತ್ರ ಹಲಗೆ ನಿಂತಿತ್ತು. ಅಕ್ಕಿ ಮುಗಿದ ದಿನ ಆ ಆಸರೆಯೂ ಮುಗಿಯಿತು. ಆದ್ದರಿಂದ ಸಾಮಾನಿನ ಭಾರವನ್ನು ನಂಬಬೇಡಿ. ಹಲಗೆಯ ಹಿಂಭಾಗ ಮೇಲೇಳದಂತೆ ಬಿಗಿಯಿರಿ.

ಕೂರಿಸುವ ಕ್ರಮ

1. ಅಳತೆ: ಹಲಗೆಯ ಅಗಲದಲ್ಲಿ ಮೂರರಲ್ಲಿ ಎರಡು ಪಾಲು ಕಟ್ಟೆಯ ಮೇಲಿರಲಿ, ಒಂದು ಪಾಲು ಮಾತ್ರ ಹೊರಗೆ ಬರಲಿ. 5 ಇಂಚಿನ ಕಟ್ಟೆಗೆ ಏಳೂವರೆ ಇಂಚಿನ ಹಲಗೆ ಸಾಕು. ಉದ್ದದಲ್ಲಿ ಎರಡೂ ಬದಿಗೆ ಬೆರಳಿನ ಅರ್ಧದಷ್ಟು ಜಾಗ ಬಿಡಿ.

2. ಹಲಗೆ: ಒಂದು ಇಂಚು ದಪ್ಪ, ಬಿರುಕಿಲ್ಲದ, ಗೆದ್ದಲು ಹಿಡಿಯದ ಮರ ಆರಿಸಿ. ಹಲಸಿನ ಹಲಗೆ ಸಿಕ್ಕಿದರೆ ಒಳ್ಳೆಯದು.

3. ಮಟ್ಟ: ಕಟ್ಟೆ ಒರಟಾಗಿದ್ದರೆ ಹಲಗೆ ಅಲ್ಲಾಡುತ್ತದೆ. ಸ್ವಲ್ಪ ಸಿಮೆಂಟ್ ಹಾಕಿ ಸಮ ಮಾಡಿ. ಗಾರೆಯವರ ರಸಮಟ್ಟ ಇಲ್ಲದಿದ್ದರೆ ಸಪಾಟು ತಟ್ಟೆಯಲ್ಲಿ ನೀರು ಹಾಕಿ ನೋಡಿ. ನೀರು ಒಂದು ಕಡೆ ಸೇರಿದರೆ ಆ ಕಡೆ ಇಳಿಜಾರು ಎಂದರ್ಥ.

4. ಹಿಂಭಾಗದ ಬಿಗಿ: ಇದೇ ಮುಖ್ಯ. ಹಲಗೆಯನ್ನು ಕಿಟಕಿಯ ಮರದ ಚೌಕಟ್ಟಿಗೆ ಒತ್ತಿ ಇಡಿ. ಎಲ್ ಆಕಾರದ ಮೂರು ಕಬ್ಬಿಣದ ಪಟ್ಟಿ ತನ್ನಿ. ಪಟ್ಟಿಯ ಒಂದು ಕಾಲು ಹಲಗೆಯ ಮೇಲೆ, ಇನ್ನೊಂದು ಚೌಕಟ್ಟಿನ ಮೇಲೆ ಬರಲಿ. ಮೊಳೆ ಹೊಡೆಯಬೇಡಿ, ಸ್ಕ್ರೂ ಹಾಕಿ. ಹಲಗೆಗೆ ಮುಕ್ಕಾಲು ಇಂಚು, ಚೌಕಟ್ಟಿಗೆ ಒಂದೂವರೆ ಇಂಚಿನ ಸ್ಕ್ರೂ ಸಾಕು. ಮೊದಲು ಸಣ್ಣ ತೂತು ಮಾಡಿಕೊಂಡರೆ ಮರ ಸೀಳುವುದಿಲ್ಲ. ಸ್ಕ್ರೂಗೆ ಸಾಬೂನು ಸವರಿದರೆ ಸುಲಭವಾಗಿ ಹೋಗುತ್ತದೆ.

5. ಚೌಕಟ್ಟು ಸಿಮೆಂಟಿನದಾದರೆ: ಡ್ರಿಲ್ ಇರುವವರಿಂದ ತೂತು ಹೊಡೆಸಿ, ಪ್ಲಗ್ ಹಾಕಿಸಿ ಸ್ಕ್ರೂ ಬಿಗಿಯಿರಿ. ಹತ್ತಿರ ಕರೆಂಟಿನ ವಯರ್ ಇದೆಯೋ ಎಂದು ಮೊದಲೇ ನೋಡಿ. ನಿಂತ ಸರಳಿಗೆ ತಂತಿ ಸುತ್ತಿ ಸುಮ್ಮನಾಗಬೇಡಿ. ಹಲಗೆ ಎದ್ದಾಗ ತಂತಿಯೂ ಸರಳಿನ ಮೇಲೆ ಜಾರುತ್ತದೆ.

6. ಮುಂದಿನ ಅಂಚು: ಒಂದು ರೀಪು ಹೊಡೆದರೆ ಡಬ್ಬಿಗಳು ಜಾರುವುದಿಲ್ಲ. ಆ ಮನೆಯಲ್ಲಿ ಹಲಗೆಯಿಂದ ಕೊಯ್ದ ಎರಡೂವರೆ ಇಂಚಿನ ತುಂಡನ್ನೇ ರೀಪಾಗಿ ಉಪಯೋಗಿಸಿದೆವು.

ಮಣ್ಣಿನ ಗೋಡೆಯವರು ಗಮನಿಸಿ: ಮಣ್ಣಿನಲ್ಲಿ ಸ್ಕ್ರೂ, ಮೊಳೆ ಹೆಚ್ಚು ದಿನ ನಿಲ್ಲುವುದಿಲ್ಲ. ಮರದ ಚೌಕಟ್ಟು ಗಟ್ಟಿಯಾಗಿಲ್ಲದಿದ್ದರೆ ಹಲಗೆಯನ್ನು ಹೊರಗೆ ಚಾಚಲೇಬೇಡಿ. ಕಟ್ಟೆಯ ಅಗಲಕ್ಕೇ ಕೊಯ್ಯಿಸಿ ಇಡಿ.

ಪರೀಕ್ಷೆ ಮಾಡಿ

ಸಾಮಾನು ಇಡುವ ಮೊದಲು ಅದರ ಎರಡರಷ್ಟು ಭಾರವನ್ನು ಒಂದು ರಾತ್ರಿ ಇಟ್ಟು ನೋಡಿ. ಒಂದು ಇಟ್ಟಿಗೆ ಸುಮಾರು 3 ಕಿಲೋ, ಒಂದು ಲೀಟರ್ ನೀರು 1 ಕಿಲೋ ಎಂದು ಲೆಕ್ಕ ಹಿಡಿಯಿರಿ. ಆಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಬೆಳಿಗ್ಗೆ ಭಾರ ತೆಗೆದು, ಖಾಲಿ ಹಲಗೆಯ ಮುಂದಿನ ಅಂಚನ್ನು ಕೈಯಿಂದ ಒತ್ತಿ. ಹಿಂಭಾಗ ಕೂದಲೆಳೆಯಷ್ಟೂ ಏಳಬಾರದು.

ನೆನಪಿರಲಿ

• ಎಷ್ಟೇ ಬಿಗಿಯಾಗಿದ್ದರೂ ಹಲಗೆಯ ಕೆಳಗೆ ತೊಟ್ಟಿಲು, ಹಾಸಿಗೆ ಬೇಡ.
• ಭಾರದ ವಸ್ತು ಒಳಬದಿಗೆ, ಹಗುರ ವಸ್ತು ಅಂಚಿಗೆ.
• ಸೀಮೆಎಣ್ಣೆ, ಆಸಿಡ್, ಗಿಡಕ್ಕೆ ಹೊಡೆಯುವ ಔಷಧಿ, ಮಾತ್ರೆ ಇಲ್ಲಿ ಇಡಬೇಡಿ. ಮಕ್ಕಳ ಕೈಗೆ ಸಿಗುತ್ತದೆ.
• ಸರಳಿಲ್ಲದ ಕಿಟಕಿಗೆ ಹಲಗೆ ಬೇಡ. ಮಗುವಿಗೆ ಅದೇ ಹತ್ತುವ ಮೆಟ್ಟಿಲಾಗುತ್ತದೆ.
• ಅಡಿಗೆಮನೆಯ ಕಿಟಕಿಯನ್ನು ಸಾಮಾನಿನಿಂದ ಮುಚ್ಚಬೇಡಿ. ಹೊಗೆ ಹೋಗಬೇಕು, ಬೆಳಕು ಬರಬೇಕು.
• ಮಳೆಗಾಲ ಮುಗಿದ ಕೂಡಲೇ ಸ್ಕ್ರೂ ತುಕ್ಕು ಹಿಡಿದಿದೆಯೇ, ಗೆದ್ದಲು ಹತ್ತಿದೆಯೇ ಎಂದು ನೋಡಿ.

ಆ ಮನೆಯ ಹಲಗೆ ಇಂದು ಭದ್ರವಾಗಿದೆ. ಅಕ್ಕಿ ಡಬ್ಬಿ ತುಂಬಿದ್ದರೂ ಖಾಲಿಯಾದರೂ ಅಲುಗುವುದಿಲ್ಲ. ನಮಗೆ ಹೆಚ್ಚು ಸಂತೋಷ ಕೊಟ್ಟ ವಿಷಯ ಇನ್ನೊಂದು. “ನನ್ನ ಕೋಣೆ ಕಿಟಕಿಗೂ ಒಂದು ಮಾಡಿಕೊಡು” ಎಂದು ಅತ್ತೆಯೇ ಸೊಸೆಯನ್ನು ಕೇಳಿದ್ದಾರೆ. ಸಂತ ಜೋಸೆಫರು ಬಡಗಿಯಾಗಿದ್ದರು. ಕೈಕೆಲಸ ಯಾರಿಗೂ ಕೀಳಲ್ಲ, ಹೆಂಗಸರಿಗೆ ಹೊರತೂ ಅಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ: ನಮ್ಮ ಯಾರ ಮನೆಯಲ್ಲಿ ಬಿಗಿಯದ ಹಲಗೆ ಇದೆ? ಗರಗಸ, ಸ್ಕ್ರೂ ಡ್ರೈವರ್, ಕೈ ಡ್ರಿಲ್ ಇವನ್ನು ಸಂಘದಿಂದಲೇ ಒಂದು ಸೆಟ್ ಕೊಂಡು ಸರದಿಯಂತೆ ಉಪಯೋಗಿಸಬಹುದೇ?