ಗೋಡೆಯ ಕ್ಯಾಲೆಂಡರ್ ಮತ್ತು 85 ದಿನ



ಕೊಟ್ಟಿಗೆಗೆ ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ ನಿಮಗೆಲ್ಲ ಗೊತ್ತು. "ಕರು ಹಾಕಿ ಎಷ್ಟು ದಿನ ಆಯ್ತಮ್ಮಾ?" ಉತ್ತರವೂ ಹೆಚ್ಚುಕಡಿಮೆ ಒಂದೇ. "ಹಬ್ಬದ ಆಸುಪಾಸು ಡಾಕ್ಟ್ರೇ, ಸರಿಯಾಗಿ ಯಜಮಾನ್ರಿಗೇ ಗೊತ್ತು." ಸಗಣಿ ಬಾಚುವವರು ನೀವು, ಮೇವು ಹಾಕುವವರು ನೀವು, ಹಾಲು ಕರೆದು ಡೈರಿಗೆ ಹಾಕುವವರೂ ನೀವು. ತಾರೀಖು ಮಾತ್ರ ಯಜಮಾನರದ್ದು!

ನಾನು ಹೋಗುವ ಹಳ್ಳಿಯೊಂದರ ಸದಸ್ಯೆಯೊಬ್ಬರ ಸೀಮೆ ಹಸು ಕರು ಹಾಕಿ ಎಂಟು ತಿಂಗಳಾದರೂ ಗಬ್ಬ ನಿಂತಿರಲಿಲ್ಲ. ಹಾಲು ಎರಡು ಲೀಟರಿಗೆ ಇಳಿದಿತ್ತು. ಸಂತೆಗೆ ಹೊಡೆಯೋದೇ ಸರಿ ಎಂದು ಮನೆಯವರು ತೀರ್ಮಾನಿಸಿದ್ದರು. ಆಕೆ ಮೂರು ತಿಂಗಳು ಗಡುವು ಕೇಳಿಕೊಂಡರು. ಹಸುವಿನ ಮೇಲೆ ಸಂಘದ ಸಾಲ ಬೇರೆ ಇತ್ತು. ಪರೀಕ್ಷೆ ಮಾಡಿದೆ, ಗರ್ಭಕೋಶದಲ್ಲಿ ತೊಂದರೆ ಕಾಣಲಿಲ್ಲ. ಜಂತು ಔಷಧಿ, ದಿನಾ ಖನಿಜ ಮಿಶ್ರಣ ಹೇಳಿ ಬಂದೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಭರವಸೆ ಇರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ವರ್ಷಕ್ಕೊಂದು ಕರು ಎಂದು ಎಲ್ಲ ತರಬೇತಿಯಲ್ಲೂ ಹೇಳುತ್ತೇವೆ. ಹಸು ಗಬ್ಬದಲ್ಲಿರುವುದು ಸುಮಾರು 280 ದಿನ. 365ರಲ್ಲಿ ಅದನ್ನು ಕಳೆದರೆ ಉಳಿಯುವುದು 85 ದಿನ. ಕರು ಹಾಕಿದ ಮೇಲೆ ಗರ್ಭಕೋಶ ಸುಧಾರಿಸಿಕೊಳ್ಳಲು ಸುಮಾರು 60 ದಿನ ಬಿಡಬೇಕು. ಬೆದೆ ಬರುವುದು 21 ದಿನಕ್ಕೊಮ್ಮೆ. ಅಂದರೆ ನಿಮ್ಮ ಕೈಯಲ್ಲಿರುವುದು ಒಂದು, ಹೆಚ್ಚೆಂದರೆ ಎರಡು ಅವಕಾಶ! ಹದಿಮೂರು ತಿಂಗಳ ಗುರಿ ಇಟ್ಟುಕೊಂಡರೆ ಮೂರು ಸಿಗಬಹುದು. ಮೊದಲಿಗೆ ಅಷ್ಟೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಒಂದು ಬೆದೆ ಕಣ್ತಪ್ಪಿದರೆ 21 ದಿನದ ಹಿಂಡಿ, ಬೂಸಾ ಸುಮ್ಮನೆ ಹೋಯಿತು.

ಆಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೆದೆಯ ದಿನಕ್ಕೆ ಸುತ್ತು ಹಾಕಿ, 18ನೇ ದಿನದಿಂದ ಕಾಯತೊಡಗಿದರು. ಕಟ್ಟಿ ಹಾಕಿದ ಹಸುವಿನ ಬೆದೆ ತಿಳಿಯುವುದು ಸುಲಭವಲ್ಲ. ಕೂಗುವುದು, ಪದೇ ಪದೇ ಗಂಜಲ ಹಾಕುವುದು, ಮೇವು ಬಿಡುವುದು, ಹಾಲು ಇಳಿಯುವುದು, ಬಾಲದ ಬುಡದಲ್ಲಿ ತಿಳಿಯಾದ ಲೋಳೆ. ಕೆಲವಕ್ಕೆ ಇದ್ಯಾವುದೂ ಎದ್ದು ಕಾಣದು. ಅದು ಮೂಕ ಬೆದೆ. ರಾತ್ರಿ ಮತ್ತು ನಸುಕಿನಲ್ಲೇ ಲಕ್ಷಣ ಹೆಚ್ಚು. ಹಾಗಾಗಿ ರಾತ್ರಿ ಒಂಬತ್ತಕ್ಕೊಮ್ಮೆ, ಬೆಳಗಿನ ಐದಕ್ಕೊಮ್ಮೆ ಟಾರ್ಚು ಹಿಡಿದು ಕೊಟ್ಟಿಗೆಯಲ್ಲಿ ನಿಲ್ಲಬೇಕು. ಮನೆಗೆಲಸವೆಲ್ಲ ಮುಗಿಸಿದವರಿಗೆ ಇನ್ನೊಂದು ಕೆಲಸ ಹೇಳುವುದು ನನಗೂ ಸಂಕೋಚವೇ. ರಾತ್ರಿಯ ಸರದಿಯನ್ನು ಮಗನಿಗೋ ಯಜಮಾನರಿಗೋ ಕೊಡಿ. ಆಕೆ ಕೊಟ್ಟಿದ್ದರು.

ಮೊದಲ ಸಲ ತಪ್ಪು ನನ್ನದು. ಬೆಳಿಗ್ಗೆ ಫೋನ್ ಬಂದಿತ್ತು, ನಾನು ಹೋದದ್ದು ಮರುದಿನ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇನ್ಸೆಮಿನೇಷನ್ ಆಗಬೇಕು. ಹಸು ನಿಲ್ಲಲಿಲ್ಲ. ಆಕೆ ಬೈಯಲಿಲ್ಲ, ಕ್ಯಾಲೆಂಡರಿನ ಹಾಳೆ ತಿರುವಿ ಮುಂದಿನ ದಿನ ತೋರಿಸಿದರು. 20ನೇ ದಿನ ಮತ್ತೆ ಫೋನ್. "ಡಾಕ್ಟ್ರೇ, ಐದು ಗಂಟೆಗೆ ಕೂಗ್ತು, ಲೋಳೆ ಸ್ವಚ್ಛವಾಗಿದೆ. ಸಂಜೆ ಐದಕ್ಕೆ ಬನ್ನಿ. ನಾಳೆ ಬೇಡ." ಇಷ್ಟು ಖಚಿತವಾಗಿ ನನಗೆ ಯಾರೂ ಹೇಳಿರಲಿಲ್ಲ. ಹೋದೆ.

ಎರಡೂವರೆ ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿದಾಗ ಹಸು ನಿಂತಿತ್ತು. ಆಕೆ ಕರು ಹಾಕುವ ತಾರೀಖನ್ನೂ ಅದಕ್ಕೆ ಎರಡು ತಿಂಗಳು ಮೊದಲು ಹಾಲು ಬತ್ತಿಸುವ ತಾರೀಖನ್ನೂ ಆಗಲೇ ಬರೆದುಕೊಂಡಿದ್ದರು. ಐದನೇ ತರಗತಿಗೆ ಶಾಲೆ ಬಿಟ್ಟವರು. ಅಂಕಿ ಬರೆಯಲು ಮಗಳ ಹತ್ತಿರ ಮತ್ತೆ ಕಲಿತರಂತೆ. ಈಗ ಅದೇ ಕ್ಯಾಲೆಂಡರಿನಲ್ಲಿ ಪಕ್ಕದ ಮೂರು ಮನೆಯ ಹಸುಗಳ ಸುತ್ತುಗಳೂ ಇವೆ. ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, "ಭಾನುವಾರ ಬೆದೆಗೆ ಬಂದರೆ ಯಾರಿಗೆ ಫೋನ್ ಮಾಡೋದು?" ಎಂದು ಕೇಳಿದವರೂ ಅವರೇ. ಮುಂದಿನ ಸಾಲಿನಲ್ಲಿದ್ದ ನಾನು ಎದ್ದು ನನ್ನ ನಂಬರ್ ಹೇಳಬೇಕಾಯಿತು.